ಕೌಂಟರಿನ ಆಚೆ ಬದಿ

ಟಿಕೆಟ್ಟು ಕಳೆದುಹೋಯಿತು ಅನ್ನುತ್ತಾರೆ.
ಹೋಗಲಿ, ಹೆಸರು ಹೇಳಿ, ಹುಟ್ಟಿದ ತಾರೀಖು ಹೇಳಿ,
ಹುಡುಕುವುದೇ ನನ್ನ ಕೆಲಸ.
ಒಂದು, ಜೀನ್ಸಿನ ಜೇಬಿನಲ್ಲಿ ಒಗೆಸಿಕೊಂಡು ಮುದ್ದೆಯಾಗಿ ಬರುತ್ತದೆ,
ಇನ್ನೊಂದು, ಬೇಟೆನಾಯಿ ಅಗಿದು ಬಿಟ್ಟ ಅರ್ಧ.
ನಂಬರಿನಲ್ಲಿರುವುದು ಏಳೋ ಒಂದೋ, ಬರೆದವನೇ ಬಲ್ಲ.
ಟಲ್ಸಾದಿಂದ ಫೋನು ಮಾಡಿದ ಲಾರಿಯವನಿಗೆ
ಯಾವ ಕೌಂಟಿಯಲ್ಲಿ ಸಿಕ್ಕಿಬಿದ್ದೆನೆಂಬುದೇ ನೆನಪಿಲ್ಲ.
"ಒಂದು ಧಾನ್ಯದ ಗೋಪುರ ಇತ್ತು ಮೇಡಂ, ಬಿಳೀದು,
ಆಮೇಲೆ ಬಹಳ ಹೊತ್ತು ಏನೂ ಇರಲಿಲ್ಲ."
ನಮ್ಮದೇ, ಅಂದೆ.

ಓರ್ಡೆಲ್ ಕೌಂಟಿ, ಕ್ಯಾನ್ಸಸ್. ಸಾವಿರದ ಒಂಬೈನೂರು ಜನ,
ಮಿನುಗುವ ಹಳದಿ ದೀಪ ಒಂದು, ಡೆಪ್ಯುಟಿಗಳು ಮೂವರು.
ಕೋರ್ಟು ಕಟ್ಟಡದ ನೆಲಮಾಳಿಗೆಯಲ್ಲಿ
ಕಂಪ್ಯೂಟರಿಗೂ ಮುಂಚಿನ ದಪ್ಪ ರಿಜಿಸ್ಟರುಗಳು,
ಅವುಗಳ ನಡುವೆ ಇಲಿಪಾಷಾಣದ ತಟ್ಟೆ.
ಅಲ್ಲಿ ಅಪ್ಪನೂ ಇದ್ದಾನೆ, ಎಪ್ಪತ್ತೆಂಟರ ಪುಟದಲ್ಲಿ:
ಹಿಂದಿನ ದೀಪ ಉರಿಯದ ಟ್ರಕ್ಕು. ಹನ್ನೊಂದು ಡಾಲರು. ಪಾವತಿ.
ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ.

ಎಲ್ಡನ್ ಕ್ರೂಟ್‌ಮಾಯರ್ ಹತ್ತರ ನೋಟು ಎಣಿಸಿಟ್ಟು ಹೋಗುವವರೆಗೂ
ನನ್ನ ಮುಖ ನೋಡುವುದಿಲ್ಲ,
ಭಾನುವಾರ ಚರ್ಚಿನಲ್ಲಿ ಪಕ್ಕದಲ್ಲೇ ನಿಂತು ಹಾಡುವವನು.
ಕೆಫೆಯ ಹುಡುಗಿ ಟಿಪ್ಸಿನ ಡಬ್ಬಿಯನ್ನೇ ತಂದು ಸುರಿದಳು.
ನಾಣ್ಯಗಳಿಗೆ ಮೇಪಲ್ ಪಾಕದ ಅಂಟು.
ನಾನು ಏನನ್ನೂ ಕೇಳುವುದಿಲ್ಲ.
ಮುದ್ರೆ ಒತ್ತಿ, ರಸೀದಿ ಹರಿದು,
"ನಿಧಾನಕ್ಕೆ ಹೋಗಿ" ಅನ್ನುತ್ತೇನೆ.
ಇಪ್ಪತ್ತೆರಡು ವರ್ಷದಿಂದ ಅನ್ನುತ್ತಲೇ ಇದ್ದೇನೆ.

ಹೋದ ಗುರುವಾರ ಬೆಳಿಗ್ಗೆ ಬಂದ ಕಟ್ಟಿನಲ್ಲಿ
ಮೇಲಿಂದ ನಾಲ್ಕನೆಯದು ನನ್ನದು.
ಐವತ್ತೈದರ ರಸ್ತೆಯಲ್ಲಿ ಎಪ್ಪತ್ತೆಂಟು.
ನಿಲ್ಲಿಸಿದವನು ಕೋಲ್ಟನ್ ಹ್ರಾಬೆ,
ಅವನ ತಾಯಿ ನಮ್ಮ ಬೌಲಿಂಗ್ ತಂಡದವಳು.
ಕಿವಿಯವರೆಗೂ ಕೆಂಪಾಗಿ, "ಮಿಸ್ ಮರ್ನಾ,
ಎಚ್ಚರಿಕೆ ಕೊಟ್ಟು ಬಿಟ್ಟುಬಿಡಲಾ?" ಅಂದ.
ಬರಿ, ಅಂದೆ.
ಒಂದನ್ನು ಒಂದರ ಹಾಗೆ, ಏಳನ್ನು ಏಳರ ಹಾಗೆ ಬರಿ.

ಎಲ್ಲಿಗೆ ಹೊರಟಿದ್ದಿರಿ ಅಂತ ಕೇಳಿದ.
ಆ ಕಾಗದದಲ್ಲಿ ಅದಕ್ಕೆ ಜಾಗವಿಲ್ಲ.
ಎಲ್ಲಿಗೂ ಇಲ್ಲ.
ಗೋಧಿ ಕೊಯ್ದಾಗಿತ್ತು. ರಸ್ತೆ, ಹಗ್ಗ ಹಿಡಿದು ಎಳೆದ ಹಾಗೆ ನೆಟ್ಟಗೆ.
ಎರಡೂ ಕಿಟಕಿ ಇಳಿಸಿದ್ದೆ,
ಕಾಲು ತಾನಾಗಿ ಒತ್ತಿತು,
ಬೇಡವೆನ್ನಲು ನನಗೆ ಮನಸ್ಸಾಗಲಿಲ್ಲ.

ತನ್ನ ದಂಡವನ್ನು ತಾನೇ ಕಟ್ಟಿಸಿಕೊಳ್ಳುವಂತಿಲ್ಲ, ನಿಯಮ.
ಎದುರಿನ ತೆರಿಗೆ ಕಿಟಕಿಯಿಂದ ಜೋಲೀನ್ ಫ್ಯಾನನ್‌ಸ್ಟೀಲ್ ಬಂದು
ನನ್ನ ಕುರ್ಚಿಯಲ್ಲಿ ಕೂತಳು.
"ಬೇಲಿಯೇ ಎದ್ದು ಹೊಲ ಮೇಯ್ದಿದೆ" ಎಂದು ನಕ್ಕಳು.
ಅರ್ಧ ಬಾಗಿಲು ದಾಟಿ ಹೊರಬಂದೆ,
ಯಾಕೋ ಗಂಟೆಯನ್ನೂ ಒಮ್ಮೆ ಒತ್ತಿದೆ.

ಮರದಲ್ಲಿ ಎರಡು ಗುಳಿ ಇವೆ ಈ ಬದಿಗೆ,
ಮೊಣಕೈ ಊರಿ ಊರಿ ಸವೆದವು.
ನನ್ನವೂ ಸರಿಯಾಗಿ ಕೂತವು.
ಗುರುತಿನ ಚೀಟಿ ಕಡ್ಡಾಯ ಎಂದು ನಾನೇ ಅಂಟಿಸಿದ್ದ ಹಾಳೆ
ಬಿಸಿಲಿಗೆ ಬೆಳ್ಳಗಾಗಿ ಒಂದಕ್ಷರವೂ ಉಳಿದಿಲ್ಲ.
ಆಮೇಲೆ ಜೋಲೀನಳನ್ನು ನೋಡಿದೆ. ಕಾಣಲಿಲ್ಲ.
ಅವಳ ಹಿಂದೆ ಕಿಟಕಿ, ಕಿಟಕಿಯ ತುಂಬ ಆಕಾಶ,
ಕುರ್ಚಿಯಲ್ಲಿ ಬರೀ ಒಂದು ಕಪ್ಪು ಆಕಾರ,
ಅದರಿಂದ ಚಾಚಿದ ಕೈ.

ಇಷ್ಟು ವರ್ಷವೂ ನಾನು ಮುಗುಳ್ನಕ್ಕಿದ್ದೆ, ಎಲ್ಡನ್.

ನೂರ ಎಪ್ಪತ್ತು, ಕೋರ್ಟಿನ ಖರ್ಚು ಬೇರೆ.
ರಸೀದಿ ಹರಿದು ಕೊಟ್ಟ ಜೋಲೀನ್
ಇನ್ನೇನೋ ಹೇಳಬೇಕಲ್ಲ ಇಲ್ಲಿ ಎಂಬಂತೆ ತಡವರಿಸಿ
"ಊಟ ಆಯ್ತಾ?" ಅಂದಳು.

ಮಧ್ಯಾಹ್ನವೇ ಮೇಜನ್ನು ಗೋಡೆಯ ಕಡೆ ಎಳೆದೆ,
ಕಂಪ್ಯೂಟರಿನ ತಂತಿ ಸಾಲದೆ ಅರ್ಧಕ್ಕೆ ನಿಂತಿತು.
ರಸೀದಿ, ಶನಿವಾರ ಬಟ್ಟೆ ಒಗೆಯುವಾಗ
ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿತು,
ಮುದ್ದೆಯಾಗಿ.